ಮನೆಯಲ್ಲೇ ರೇಡಿಯೇಟರ್ ಹೋಸ್ ಹಾಕುವುದು ಹೇಗೆ

ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವಾಗ ಟೆಂಪರೇಚರ್ ಮುಳ್ಳು ಮೇಲೆ ಹತ್ತಿದ್ರೆ ಕಾರು ನಿಲ್ಸಿ, ಆದ್ರೆ ಬಿಸಿ ಇರುವಾಗ ರೇಡಿಯೇಟರಿನ ಕ್ಯಾಪ್ ಮುಟ್ಲೇಬೇಡಿ ಮಾರಾಯ್ರೆ, ಪ್ರೆಶರಲ್ಲಿ ನೀರು 100 ಡಿಗ್ರಿಗಿಂತ್ಲೂ ಮೇಲಿರ್ತದೆ, ಮುಖಕ್ಕೇ ಹಾರ್ತದೆ. ತಣಿದ ಮೇಲೆ ಹೋಸ್, ಅಂದ್ರೆ ಇಂಜಿನಿಗೂ ರೇಡಿಯೇಟರಿಗೂ ನಡುವಿನ ರಬ್ಬರ್ ಪೈಪ್, ಒತ್ತಿ ನೋಡಿ, ಅದನ್ನು ಬಿಗಿ ಹಿಡಿಯುವ ಕ್ಲಾಂಪ್ ಹತ್ರ ಉಬ್ಬಿ ಕರಕರ ಅಂದ್ರೆ ಅದು ಹೋಯ್ತು ಅಂತ್ಲೇ ಲೆಕ್ಕ.

ಅಡಿಗೆ ಬಕೆಟ್ ಇಟ್ಟು ಕೂಲಂಟ್, ಅಂದ್ರೆ ಇಂಜಿನ್ ತಣಿಸುವ ದ್ರವ, ಇಳ್ಸಿ. ಅದು ವಿಷ, ಸಿಹಿ ಉಂಟು ಅಂತ ನಾಯಿ ನೆಕ್ತದೆ, ತೋಟಕ್ಕೆ ಚೆಲ್ಬೇಡಿ. ಹಳೇ ಹೋಸ್ ಬರದಿದ್ರೆ ಜಗ್ಗಬೇಡಿ, ರೇಡಿಯೇಟರಿನ ಪ್ಲಾಸ್ಟಿಕ್ ಮೂತಿ ಮುರೀತದೆ, ಬ್ಲೇಡಲ್ಲಿ ಮೆಲ್ಲ ಉದ್ದಕ್ಕೆ ಸೀಳಿ ಬಿಡ್ಸಿ. ಮೂತಿಗೆ ಅಂಟಿದ ಬಿಳಿ ಪುಡಿ ಒರೆಸಿ, ಕ್ಲಾಂಪನ್ನು ಮೊದ್ಲೇ ಹೊಸ ಹೋಸಿಗೆ ತೂರ್ಸಿ, ಮೂತಿಯ ಏಣು ದಾಟಿದ ಮೇಲೆ ಬಿಗಿ ಮಾಡಿ. ಕೂಲಂಟ್ ತುಂಬ್ಸಿ ಕ್ಯಾಪ್ ಹಾಕದೇ ಸ್ಟಾರ್ಟ್ ಮಾಡಿ, ಗುಳ್ಳೆ ನಿಂತ ಮೇಲೆ ಕಮ್ಮಿಯಾದಷ್ಟು ಹಾಕಿ ಮುಚ್ಚಿ, ಮರುದಿನ ತಣ್ಣಗಿರುವಾಗ ಲೆವೆಲ್ ಇನ್ನೊಮ್ಮೆ ನೋಡಿ ಆಯ್ತಾ.