ಮನೆಯ ಮಾತನ್ನು ನಗೆಯ ವೇದಿಕೆಗೆ ತರುವ ಬಗೆ

ದಾವಣಗೆರೆಯ ಮನೆಯೊಂದಕ್ಕೆ ಸಂಜೆಯ ಹೊತ್ತು ಬೀಗರು ಹೇಳದೆ ಬಂದಾಗ, ತಾಯಿ ಮಗನನ್ನು ಕಣ್ಸನ್ನೆಯಲ್ಲೇ ಅಡುಗೆಮನೆಗೆ ಕರೆದು, ಕೈಯಲ್ಲಿ ನೋಟು ತುರುಕಿ, "ಹಿತ್ತಲ ಬಾಗಿಲಿಂದ ಹೋಗಿ ಮಿರ್ಚಿ ತಗೊಂಡ್ ಬಾ, ಅವರಿಗೆ ಗೊತ್ತಾಗಬಾರದು" ಎನ್ನುತ್ತಾರೆ. ಹಿತ್ತಲಿನಿಂದ ಹೋದ ಮಗ, ಎಣ್ಣೆ ಜಿನುಗುವ ಪೊಟ್ಟಣ ಹಿಡಿದು ಮುಂಬಾಗಿಲಿನಿಂದ ಬೀಗರ ನಡುವೆಯೇ ಹಾದು ಬರುತ್ತಾನೆ. ಕುಟುಂಬದ ಬದುಕಿನಿಂದ ಸ್ಟ್ಯಾಂಡ್‌ಅಪ್, ಅಂದರೆ ವೇದಿಕೆಯಲ್ಲಿ ಒಬ್ಬರೇ ನಿಂತು ನಗಿಸುವ ಮಾತು, ಕಟ್ಟಬಯಸುವವರಿಗೆ ಇಂತಹ ಒಂದು ಸಂಜೆಯೇ ಸಾಕಷ್ಟು ಸಾಮಗ್ರಿ.

ಮೊದಲು ಒಂದು ಪುಸ್ತಕವಿಟ್ಟುಕೊಂಡು ಕಂಡದ್ದನ್ನು ಅಂದಂದೇ ಬರೆಯಿರಿ. "ಅಮ್ಮನಿಗೆ ಮರ್ಯಾದೆಯ ಚಿಂತೆ ಹೆಚ್ಚು" ಎಂಬ ತೀರ್ಮಾನ ಬೇಡ; ಆಕೆ ಆಡಿದ ಮಾತು, ತಗ್ಗಿಸಿದ ದನಿ, ಪೊಟ್ಟಣ ಕಂಡೊಡನೆ ಸೆರಗಿನಡಿ ಮುಚ್ಚಿದ ರೀತಿ ಬೇಕು. ಎರಡು ದಿನ ಬಿಟ್ಟು ಬರೆದರೆ ಅದೇ ಮಾತು ಗ್ರಂಥಭಾಷೆಗೆ ತಿರುಗಿ ಮನೆಯ ರುಚಿ ಕಳೆದುಕೊಂಡಿರುತ್ತದೆ.

ಗಣೇಶೋತ್ಸವ, ರಾಜ್ಯೋತ್ಸವಗಳ ಹಾಸ್ಯಸಂಜೆಗಳಲ್ಲಿ ಬೇರೆಡೆ ಕೇಳಿದ ಪ್ರಸಂಗವನ್ನೂ ಸೊಗಸಾಗಿ ಹೇಳಬಹುದು. ಸ್ಟ್ಯಾಂಡ್‌ಅಪ್‌ನಲ್ಲಿ ಹಾಗಲ್ಲ. "ನಮ್ಮನೆಯಲ್ಲಿ" ಎಂದು ಆರಂಭಿಸಿದವರು ನಿಜವಾಗಿಯೂ ತಮ್ಮ ಮನೆಯದನ್ನೇ ಹೇಳುತ್ತಿದ್ದಾರೆಂಬ ನಂಬಿಕೆಯ ಮೇಲೆ ಸಭಿಕರ ನಗೆ ನಿಂತಿರುತ್ತದೆ.

ಅತಿ ಹೆಚ್ಚು ಶ್ರಮ ಬೇಡುವುದು ವಾಕ್ಯದ ಕೊನೆ. ಕನ್ನಡದಲ್ಲಿ ಕ್ರಿಯಾಪದ ಸಹಜವಾಗಿ ಕೊನೆಗೆ ಬರುವುದರಿಂದ ಅಚ್ಚರಿಯನ್ನು ಅಲ್ಲಿಯವರೆಗೆ ಹಿಡಿದಿಡುವ ಅನುಕೂಲ ನಮಗೆ ತಾನಾಗಿಯೇ ಒದಗಿದೆ. ಒಂದು ಉದಾಹರಣೆ: ಚಿತ್ರದುರ್ಗದಿಂದ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನಮ್ಮಜ್ಜ ಲಗ್ನಪತ್ರಿಕೆಗಳ ಮೇಲೆ ಇಂದಿಗೂ ಹಳೆಯ ಜಿಲ್ಲೆಯ ಹೆಸರನ್ನೇ ಬರೆಯುತ್ತಾರೆ. ಇದನ್ನು ನಾನು, "ಜಿಲ್ಲೆ ಬ್ಯಾರೆ ಆಗಿ ಇಷ್ಟ್ ವರ್ಷ ಆತು, ನಮ್ಮಜ್ಜ ಮಾತ್ರ ಇನ್ನೂ ಒಪ್ಪಿಗೆ ಕೊಟ್ಟಿಲ್ಲ" ಎಂದು ಹೇಳುತ್ತೇನೆ. ಇದರ ಹಿಂದೆಯೇ "ಹಳೇ ಕಾಲದವರು ನೋಡ್ರಿ" ಎಂಬ ವಿವರಣೆ ಸೇರಿಸಿದ ದಿನ ನಗೆ ಅರ್ಧಕ್ಕೆ ಇಳಿದಿತ್ತು. ಆದ್ದರಿಂದ ನಗೆಯ ಪದದ ನಂತರ ಉಳಿದ ಪ್ರತಿ ಪದವನ್ನೂ ಹೊಡೆದುಹಾಕಿರಿ.

ಯಾರ ಕುರಿತು ಹೇಳುವಿರೋ ಅವರಿಗೆ ಮೊದಲೇ ಓದಿ ಕೇಳಿಸಬೇಕು. ಇದರಲ್ಲಿ ರಿಯಾಯಿತಿ ಇಲ್ಲವೆಂದೇ ನನ್ನ ನಿಲುವು. ಒಮ್ಮೆ ನಾನು ಚಿಕ್ಕಪ್ಪನ ಸಾಲದ ವಿಷಯವನ್ನು ಕೇಳದೆ ಹೇಳಿದೆ. ಸಭೆ ನಕ್ಕಿತು, ಮುಂದಿನ ಸಾಲಿನಲ್ಲಿದ್ದ ಚಿಕ್ಕಮ್ಮ ಎದ್ದು ಹೋದರು. ಅಂದಿನಿಂದ ಸಾಲ, ಕಾಯಿಲೆ, ಸೊಸೆಯ ತವರು ಇವುಗಳನ್ನು ಬಿಟ್ಟಿದ್ದೇನೆ. ಮನುಷ್ಯರನ್ನಲ್ಲ, ಅವರ ಅಭ್ಯಾಸವನ್ನು ತೋರಿಸಿದರೆ ಅವರೂ ನಗುತ್ತಾರೆ. ಮಿರ್ಚಿಯ ಪ್ರಸಂಗ ಕೇಳಿದ ಅಮ್ಮ, "ನೋಟು ಕೊಟ್ಟಿದ್ದು ಹೇಳಿದಿ, ಚಿಲ್ಲರೆ ನೀ ವಾಪಸ್ ಕೊಡ್ಲಿಲ್ಲ, ಅದನ್ನೂ ಹೇಳು" ಎಂದರು. ಈಗ ಆ ಭಾಗದ ಕೊನೆಯ ಮಾತು ಅದೇ ಆಗಿದೆ.

ಆರಂಭಕ್ಕೆ ಐದು ನಿಮಿಷ ಸಾಕು. ಗಟ್ಟಿಯಾಗಿ ಹೇಳಿ ಫೋನಿನಲ್ಲಿ ಮುದ್ರಿಸಿಕೊಂಡು, ಉಸಿರು ಸಿಕ್ಕಿಕೊಳ್ಳುವ ವಾಕ್ಯಗಳನ್ನು ಒಡೆಯಿರಿ. ವೇದಿಕೆಯಲ್ಲಿ ಜನ ನಗುವಾಗ ಮುಂದಿನ ಮಾತಿಗೆ ಅವಸರಿಸದೆ, ಆ ನಗು ಇಳಿಯತೊಡಗುವವರೆಗೆ ಸುಮ್ಮನೆ ನಿಲ್ಲಿ. ಆರಂಭದಲ್ಲಿ ಬಂದ ಪೊಟ್ಟಣವನ್ನು ಅಜ್ಜನ ಲಗ್ನಪತ್ರಿಕೆಯ ಪ್ರಸಂಗದ ತುದಿಯಲ್ಲಿ ಮತ್ತೊಮ್ಮೆ ತನ್ನಿ: ಎಣ್ಣೆ ಜಿನುಗುವ ಆ ಮಿರ್ಚಿ ಸುತ್ತಿದ್ದ ಕಾಗದ, ಅಜ್ಜ ವಿಳಾಸ ಬರೆದಿಟ್ಟಿದ್ದ ಪತ್ರಿಕೆಯೇ ಆಗಿರಲಿ.