ಈರಮ್ಮನವರ ಹಾಡು ಅಚ್ಚಿಗೆ ಇಳಿದ ಬಗೆ

ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಘಟಕದಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಸಂಗೀತ ಕಲಿತವನಲ್ಲ. ಆದರೂ ದರೋಜಿಯ ಬುರ್ರಕಥಾ ಈರಮ್ಮನವರ ಮೇಲೆ ಒಂದು ಪುಸ್ತಕ ಬರೆದು, ನಾನೇ ದುಡ್ಡು ಹಾಕಿ ಅಚ್ಚು ಮಾಡಿಸಿದೆ. ಬುರ್ರಕಥೆ ಅಂದರೆ ಹಿಮ್ಮೇಳದ ಜೊತೆ ಹಾಡುತ್ತಾ ಕಥೆ ಹೇಳುವ ಜನಪದ ಕಲೆ. ಚಿಕ್ಕವನಿದ್ದಾಗ ಒಂದು ರಾತ್ರಿ ಅವ್ವನ ತೊಡೆ ಮೇಲೆ ಮಲಗಿ ಈರಮ್ಮನವರು ಹೇಳಿದ ಕಥೆ ಕೇಳಿದ್ದೆ. ನಿದ್ದೆ ಬಂದಿತ್ತು, ಆದರೆ ಆ ದನಿ ಇವತ್ತಿಗೂ ಕಿವಿಯಲ್ಲಿದೆ. 2014ರ ಆಗಸ್ಟ್ 12ರಂದು ಅವರು ತೀರಿಕೊಂಡರು. ಬರೆಯಬೇಕು ಅನ್ನೋ ಆಸೆ ಅವತ್ತೇ ಹುಟ್ಟಿತು. ಕೂತು ಬರೆಯೋಕೆ ಮಾತ್ರ ಬಹಳ ವರ್ಷ ಹಿಡಿಯಿತು.

ಈರಮ್ಮನವರಿಗೆ ಓದು ಬರಹ ಬರುತ್ತಿರಲಿಲ್ಲ. ಅಲೆಮಾರಿ ಬುಡ್ಗಜಂಗಮ ಸಮುದಾಯದವರು. ಆದರೆ ಬಾಯಲ್ಲಿ 12 ಕಾವ್ಯಗಳಿದ್ದವು. ಅಚ್ಚು ಹಾಕಿದರೆ 7,000 ಪುಟ ಆಗುವಷ್ಟು. ಕುಮಾರರಾಮ, ಬಬ್ಬುಲಿ ನಾಗಿರೆಡ್ಡಿ, ಬಾಲಿ ನಾಗಮ್ಮ, ಒಂದೊಂದೂ ರಾತ್ರಿಗಟ್ಟಲೆ ಹಾಡುವಂಥವು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು, ಅವರು ಹಾಡಿದ ಕಾವ್ಯಗಳನ್ನೂ ಪ್ರಕಟಿಸಿತು. ಹಾಗಾಗಿ ಕಾವ್ಯ ಸಂಗ್ರಹಿಸುವ ಕೆಲಸ ನನ್ನದಲ್ಲ ಅಂತ ಮೊದಲೇ ತೀರ್ಮಾನ ಮಾಡಿಕೊಂಡೆ. ಆ ಹಾಡುಗಾರಿಕೆ ಹೇಗಿತ್ತು, ಒಂದು ಮಾತು ಹಾಡಾಗಿ ತಿರುಗುವ ಗಳಿಗೆ ಯಾವುದು, ಕೇಳುವವರು ಯಾವ ಜಾಗದಲ್ಲಿ ಅಳುತ್ತಿದ್ದರು, ಇಷ್ಟು ನನಗೆ ಬೇಕಿತ್ತು.

ಮೊದಲ ಕರಡು ಪೂರ್ತಿ ಹೊಗಳಿಕೆ. ಅರವತ್ತು ಪುಟ ಬರೆದಿದ್ದೆ, ಎಲ್ಲಾ ತೆಗೆದು ಹಾಕಿದೆ. ಪ್ರೀತಿ ಇದ್ದರೆ ಸಾಲದು, ಕೇಳಬೇಕು. ಮತ್ತೆ ಮತ್ತೆ ಕೇಳಬೇಕು.

ಅವರ ಹಾಡಿನ ಧ್ವನಿಮುದ್ರಣ ಕೇಳಿ ಬರೆದುಕೊಳ್ಳೋದು ಎಷ್ಟು ನಿಧಾನ ಅಂದರೆ, ಒಂದು ತಾಸಿನ ಹಾಡಿಗೆ ನನಗೆ ಹತ್ತು ತಾಸು ಬೇಕಾಗುತ್ತಿತ್ತು. ರಾತ್ರಿ ಊಟ ಆದ ಮೇಲೆ ಇಯರ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಲೆಕ್ಕದ ಪುಸ್ತಕದಲ್ಲೇ ಮೂರು ಕಾಲಂ ಹಾಕಿಕೊಂಡಿದ್ದೆ. ಒಂದರಲ್ಲಿ ಮಾತು, ಇನ್ನೊಂದರಲ್ಲಿ ಹಿಮ್ಮೇಳ, ಮೂರನೆಯದರಲ್ಲಿ ಎಷ್ಟನೇ ನಿಮಿಷ ಅನ್ನೋದು. ನಿಮಿಷ ಬರೆದುಕೊಂಡಿದ್ದು ಆಮೇಲೆ ಬಹಳ ಉಪಯೋಗಕ್ಕೆ ಬಂತು. ಅನುಮಾನ ಬಂದ ಸಾಲನ್ನು ಸೀದಾ ಹೋಗಿ ಕೇಳಬಹುದು, ಅಲ್ವಾ?

ಮೊದಮೊದಲು ಹಿಮ್ಮೇಳದ ಸೊಲ್ಲನ್ನು ಬಿಟ್ಟೇ ಬರೆಯುತ್ತಿದ್ದೆ. ಅದೇ ಅದೇ ಬರುತ್ತೆ, ಸುಮ್ನೆ ಜಾಗ ಯಾಕೆ ಅಂತ. ಒಂದು ದಿನ ಬರೆದದ್ದನ್ನು ಜೋರಾಗಿ ಓದಿದೆ. ಜೀವವೇ ಇರಲಿಲ್ಲ. ಬುರ್ರಕಥೆಯಲ್ಲಿ ಕಥೆ ಹೇಳುವವರು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಹಿಮ್ಮೇಳ ಸಾಲನ್ನು ಎತ್ತಿ ಹಿಡಿಯುತ್ತದೆ. ಆ ಸೊಲ್ಲು ತೆಗೆದರೆ ಉಸಿರೂ ಹೋಗುತ್ತದೆ. ಎರಡು ನೋಟ್‌ಬುಕ್ಕು ಮತ್ತೆ ಮೊದಲಿಂದ ಬರೆದೆ. ಈ ಸಲ ಉಸಿರು ನಿಂತಲ್ಲೇ ಸಾಲು ಮುರಿದೆ, ವ್ಯಾಕರಣ ನೋಡಲಿಲ್ಲ. ಪುಸ್ತಕದಲ್ಲಿ ಉದಾಹರಣೆಗೆ ಕೊಟ್ಟ ತುಣುಕುಗಳು ಕಡಿಮೆಯೇ, ಆದರೆ ಎಲ್ಲಾ ಈ ರೀತಿಯಲ್ಲೇ ಇವೆ.

ಇನ್ನೊಂದು ಕಷ್ಟ ತೆಲುಗು. ಬುಡ್ಗಜಂಗಮರ ಮನೆಮಾತು ತೆಲುಗು. ಬಳ್ಳಾರಿಯವನಾಗಿ ನನಗೆ ಸಂತೆ ತೆಲುಗು ಬರುತ್ತದೆ, ಹಾಡಿನ ತೆಲುಗು ಬರೋದಿಲ್ಲ. ನಮ್ಮ ಘಟಕದ ಟೈಲರ್ ಮಾಸ್ಟ್ರು ಆಂಧ್ರದ ಕಡೆಯವರು. ಮಧ್ಯಾಹ್ನ ಮೆಷಿನ್ ನಿಂತಾಗ ಒಂದು ಇಯರ್‌ಫೋನ್ ಅವರ ಕಿವಿಗೆ, ಒಂದು ನನ್ನ ಕಿವಿಗೆ. ಒಂದು ಕಡೆ ನಾನು ‘ಚೆಲುವೆ’ ಅಂತ ಬರೆದುಕೊಂಡಿದ್ದೆ. ಮಾಸ್ಟ್ರು ಎರಡು ಸಲ ಕೇಳಿ ತಲೆ ಆಡಿಸಿದರು. ‘ಚೆಲ್ಲೆಲು ಅಂತಾರೆ ಸಾರ್, ತಂಗಿ’ ಅಂದರು. ಒಂದು ಪುಟದ ಅರ್ಥವೇ ಬದಲಾಯಿತು. ಅವತ್ತಿನಿಂದ ಅವರು ಕೇಳದ ಒಂದು ಸಾಲನ್ನೂ ನಾನು ಫೇರ್ ಮಾಡಲಿಲ್ಲ.

ಭಾನುವಾರ ದರೋಜಿಗೆ ಹೋಗುತ್ತಿದ್ದೆ. ಹೊರಗಿನವರಿಗೆ ಅದು ಕರಡಿಧಾಮದ ಊರು, ದೊಡ್ಡ ಕೆರೆಯ ಊರು. ಕಂಪಿಲಿಯೂ ಅಲ್ಲಿಂದ ಬಹಳ ದೂರವಿಲ್ಲ. 14ನೇ ಶತಮಾನದ ಕಂಪಿಲರಾಯನ ಮಗ ಕುಮಾರರಾಮ ಇಲ್ಲಿಯವರಿಗೆ ಇತಿಹಾಸದ ಹೆಸರಲ್ಲ, ನಮ್ಮವನು. ಹಿರಿಯರು ಅವನ ಮಾತು ತೆಗೆದರೆ ನಿನ್ನೆ ಮೊನ್ನೆ ಸತ್ತವನಂತೆ ಮಾತಾಡುತ್ತಾರೆ. ಅವರ ಮಾತುಗಳನ್ನೂ ರೆಕಾರ್ಡ್ ಮಾಡಿಕೊಂಡೆ. ಪ್ರಶ್ನೆಪಟ್ಟಿ ಹಿಡಿದು ಹೋದ ದಿನ ಯಾರೂ ಬಾಯಿ ಬಿಡಲಿಲ್ಲ. ಸುಮ್ನೆ ಕಟ್ಟೆ ಮೇಲೆ ಕೂತ ದಿನ ಎಲ್ಲಾ ಹೇಳಿದರು.

ಫೋಟೋ ವಿಷಯದಲ್ಲಿ ಒಂದು ಮಾತು. ಮನೆಯವರು ಪ್ರೀತಿಯಿಂದ ಫೋಟೋ ಕೊಡಬಹುದು. ಆದರೆ ಹಕ್ಕು ಸಾಮಾನ್ಯವಾಗಿ ತೆಗೆದವರದ್ದು. ಫೋಟೋ ತೆಗೆದವರನ್ನು ಹುಡುಕಿ ಒಂದು ಹಾಳೆಯಲ್ಲಿ ಒಪ್ಪಿಗೆ ಬರೆಸಿಕೊಂಡೆ. ಸಿಗದವರ ಫೋಟೋ ಕೈಬಿಟ್ಟೆ. ಪುಸ್ತಕದ ಗುರುತಿಗೆ ಹಾಕುವ ಐಎಸ್‌ಬಿಎನ್ ಸಂಖ್ಯೆಗೆ ದುಡ್ಡು ಕೊಡಬೇಕಿಲ್ಲ, ಸರ್ಕಾರದ ತಾಣದಲ್ಲಿ ಲೇಖಕರೇ ಅರ್ಜಿ ಹಾಕಬಹುದು.

ನಿಜವಾದ ಪೆಟ್ಟು ಬಿದ್ದಿದ್ದು ಡಿಟಿಪಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕಡೆ. ನಾನು ಮೊಬೈಲಿನಲ್ಲಿ ಯುನಿಕೋಡ್‌ನಲ್ಲಿ ಬರೆದಿದ್ದೆ, ಅಲ್ಲಿ ಹಳೆಯ ನುಡಿ ಫಾಂಟಿಗೆ ಬದಲಿಸಿದರು. ಬದಲಿಸುವಾಗ ಅರ್ಕಾವತ್ತು ಹಾರಿಹೋಗಿ, ‘ಬುರ್ರ’ ಅನ್ನೋದು 11 ಕಡೆ ‘ಬುರ’ ಆಗಿತ್ತು. ಅದಕ್ಕಿಂತ ದೊಡ್ಡ ನೋವು ಬೇರೆ. ಹಿರಿಯರು ಆಡಿದ ‘ಹೊಂಟಾನ’, ‘ಬಂದಾಳ’ ಎಲ್ಲವನ್ನೂ ಯಾರೋ ಕುಳಿತು ‘ಹೊರಟಿದ್ದಾನೆ’, ‘ಬಂದಿದ್ದಾಳೆ’ ಅಂತ ತಿದ್ದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಿರಬೇಕು. ನನಗೆ ಮಾತ್ರ ಅವರ ಬಾಯಿಗೆ ಬಟ್ಟೆ ತುರುಕಿದಂತೆ ಕಂಡಿತು. ಮೂಲ ರೆಕಾರ್ಡಿಂಗ್ ಹಾಕಿಕೊಂಡು ಮೂರು ವಾರ ಮತ್ತೆ ತಿದ್ದಿದೆ. ನೀವು ಇಂಥ ಪುಸ್ತಕ ಮಾಡುವುದಾದರೆ ಮೊದಲ ದಿನವೇ ಬರೆದು ಕೊಡಿ: ಆಡುಮಾತು ತಿದ್ದಬೇಡಿ.

ಡೆಮಿ ಅಳತೆಗೆ ಪುಟಗಳು 153 ಆದವು. ಅಚ್ಚಿನವರದು ಫಾರಂ ಲೆಕ್ಕ, ಒಟ್ಟಿಗೆ ಅಚ್ಚಾಗುವ 16 ಪುಟ ಸೇರಿ ಒಂದು ಫಾರಂ. ಹತ್ತು ಫಾರಂಗೆ ಏಳು ಪುಟ ಉಳಿಯಿತು. ಅಲ್ಲಿ ಊರಿನ ಮಾತು, ತೆಲುಗು ಮಾತುಗಳ ಅರ್ಥ ಹಾಕಿದೆ. ‘ಚೆಲ್ಲೆಲು’ ಅದರಲ್ಲಿದೆ. 500 ಪ್ರತಿಗೆ 42 ಸಾವಿರ ಬಿತ್ತು. ಬೆಲೆ 180 ಇಟ್ಟೆ. ಅಂಗಡಿಗಳಲ್ಲಿ ಹೋಗಿದ್ದಕ್ಕಿಂತ ಜಾತ್ರೆ, ನಾಟಕ ನಡೆಯುವ ಕಡೆ ಕೈಯಲ್ಲಿ ಹಿಡಿದು ಮಾರಿದ್ದೇ ಜಾಸ್ತಿ.

ಮೊದಲ ಪ್ರತಿ ಹಿಡಿದು ದರೋಜಿಗೆ ಹೋದೆ. ಬುರ್ರಕಥೆ ಹಾಡುತ್ತಿದ್ದ ಒಬ್ಬ ಅಜ್ಜಿ ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿ, ‘ಓದು’ ಅಂದರು. ಓದಿದೆ. ಅವರು ಬೆರಳಿನಿಂದ ನೆಲ ತಟ್ಟುತ್ತಾ ಕೇಳಿದರು. ಒಂದು ಸಾಲಿಗೆ ಬೆರಳು ನಿಂತಿತು.

‘ಇಲ್ಲಿ ಉಸಿರು ತಗಳ್ಳಂಗಿಲ್ಲ ತಮ್ಮಾ. ಹಂಗೇ ಎಳೀಬೇಕು.’

ಎಳೆದು ತೋರಿಸಿದರು. ನಾನು ಸಾಲು ಮುರಿದಿದ್ದು ತಪ್ಪಾಗಿತ್ತು. ಎರಡನೇ ಮುದ್ರಣಕ್ಕೆ ಅಂತ ಎತ್ತಿಟ್ಟ ಪ್ರತಿಯಲ್ಲಿ, 87ನೇ ಪುಟದಲ್ಲಿ, ಆ ಎರಡು ಸಾಲನ್ನು ಪೆನ್ಸಿಲಿನಲ್ಲಿ ಸೇರಿಸಿದ್ದೇನೆ.