ಹಳೆಯ ಅಡುಗೆಮನೆಗೆ ನಾನೇ ಕೈಹಾಕಿದಾಗ

ನಮ್ಮ ಅಡುಗೆಮನೆಯ ಕಪಾಟುಗಳಿಗೆ 22 ವರ್ಷ ವಯಸ್ಸಾಗಿತ್ತು. ಒಮ್ಮೆ ಬೆಳ್ಳಗಿದ್ದ ಬಾಗಿಲುಗಳು ಹಳದಿಗೆ ತಿರುಗಿದ್ದವು, ಟೈಲ್ಸ್ ನಡುವಿನ ಗೆರೆಗಳು ಕಪ್ಪಾಗಿದ್ದವು, ಎರಡು ಬಾಗಿಲುಗಳು ಜೋತುಬಿದ್ದು ಒಂದಕ್ಕೊಂದು ಉಜ್ಜುತ್ತಿದ್ದವು. ನನ್ನ ಕೈಯಲ್ಲಿದ್ದ ಹಣಕ್ಕೆ ಹೊಸ ಕಪಾಟುಗಳ ಅರ್ಧ ಸಾಲೂ ಬರುತ್ತಿರಲಿಲ್ಲ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಎಲ್ಲವನ್ನೂ ಖಾಲಿ ಮಾಡಿ, ಸ್ಕ್ರೂಡ್ರೈವರಿನ ತುದಿಯಿಂದ ಹಲಗೆಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಸಿಂಕಿನ ಕೆಳಗಿನ ತಳಹಲಗೆ ಮಾತ್ರ ಮೆತ್ತಗಾಗಿತ್ತು. ಉಳಿದ ಚೌಕಟ್ಟೆಲ್ಲ ಗಟ್ಟಿಯಾಗಿಯೇ ಇತ್ತು. ಹಳತಾಗಿದ್ದದ್ದು ಮೇಲ್ಮೈ ಮಾತ್ರ ಎಂಬುದು ಅಂದೇ ಗೊತ್ತಾಯಿತು.

ಮೊದಲು ಸಿಂಕು. ಆ ತಳಹಲಗೆ ಪಾರ್ಟಿಕಲ್ ಬೋರ್ಡಿನದು, ಅಂದರೆ ಮರದ ಚೂರುಗಳನ್ನು ಅಂಟು ಸೇರಿಸಿ ಒತ್ತಿ ಮಾಡಿದ್ದು. ಅದು ಒಮ್ಮೆ ನೀರು ಕುಡಿದು ಊದಿಕೊಂಡರೆ ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಅದನ್ನು ಬದಲಿಸುವುದಕ್ಕಿಂತ ಮುಂಚೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕಿತ್ತು. ಪ್ರತಿಯೊಂದು ಕೊಳವೆ ಜೋಡಣೆಯ ಕೆಳಗೂ ಒಣ ಕಾಗದ ಹಾಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಒಂದೇ ಕಾಗದ ಒದ್ದೆಯಾಗಿತ್ತು. ಅಲ್ಲಿನ ರಬ್ಬರ್ ವಾಷರ್ ಬದಲಿಸಿದೆ. ಆಮೇಲೆ ನೀರು ತಡೆಯುವ ಪ್ಲೈವುಡ್ಡನ್ನು ಅಳತೆಗೆ ಕತ್ತರಿಸಿ, ಕತ್ತರಿಸಿದ ನಾಲ್ಕೂ ಅಂಚುಗಳಿಗೆ ಪ್ರೈಮರ್ (ಬಣ್ಣಕ್ಕೆ ಮುಂಚೆ ಬಳಿಯುವ ತಳಪದರ) ಕುಡಿಸಿ ಕೂರಿಸಿದೆ. ತೇವ ಮುಖ್ಯವಾಗಿ ಒಳನುಗ್ಗುವುದು ಅಂಚುಗಳಿಂದಲೇ.

ಬಾಗಿಲುಗಳ ವಿಷಯದಲ್ಲಿ ನಾನು ತಪ್ಪು ಮಾಡಿದೆ, ಅದನ್ನು ವಿವರವಾಗಿಯೇ ಹೇಳಬೇಕು. ಎಲ್ಲ ಬಾಗಿಲುಗಳನ್ನೂ ಬಿಚ್ಚಿ, ಕೀಲು ಕೂರುವ ಗುಂಡಿಯೊಳಗೆ ಸಂಖ್ಯೆ ಬರೆದೆ (ಅಲ್ಲಿ ಬಣ್ಣ ತಾಗುವುದಿಲ್ಲ, ಸಂಖ್ಯೆ ಅಳಿಯುವುದಿಲ್ಲ). ಮೊದಲ ಬಾಗಿಲನ್ನು ಸೋಪಿನ ನೀರಿನಲ್ಲಿ ಒಮ್ಮೆ ಒರೆಸಿ, ಪ್ರೈಮರ್ ಹಾಕಿ, ಬಣ್ಣ ಬಳಿದೆ. ನೋಡಲು ಚೆನ್ನಾಗಿಯೇ ಇತ್ತು. 12ನೆಯ ದಿನ ಹಿಡಿಕೆಯ ಸುತ್ತ ಬಣ್ಣ ಏಳತೊಡಗಿತು. ಉಗುರಿನಿಂದ ಎತ್ತಿದರೆ ಪೊರೆಯಂತೆ ಸುಲಿದು ಬಂತು, ಪ್ರೈಮರಿನ ಸಮೇತ. ಎಣ್ಣೆಯ ಹಬೆ ವರ್ಷಗಟ್ಟಲೆ ಕೂತು, ಗಾಳಿ ಮತ್ತು ಶಾಖಕ್ಕೆ ಗಟ್ಟಿಯಾಗಿ ಅಂಟಿನಂತಾಗಿರುತ್ತದೆ. ಹಿಡಿಕೆಯ ಬಳಿ ಅದಕ್ಕೆ ಕೈಯ ಜಿಡ್ಡೂ ಸೇರಿರುತ್ತದೆ. ಬಣ್ಣ ಹಿಡಿದದ್ದು ಆ ಜಿಡ್ಡನ್ನು, ಬಾಗಿಲನ್ನಲ್ಲ.

ಮತ್ತೆ ಶುರುವಿನಿಂದ ಆರಂಭಿಸಿದೆ. ಬಿಸಿನೀರಿಗೆ ವಾಷಿಂಗ್ ಸೋಡಾ ಬೆರೆಸಿ, ಕೈಗವಸು ಹಾಕಿಕೊಂಡು ಹಚ್ಚಿ, ಕೆಲವು ನಿಮಿಷ ಬಿಟ್ಟು ಒರಟು ಪ್ಯಾಡಿನಿಂದ ಉಜ್ಜಿದೆ. ಬಟ್ಟೆಗೆ ಕಂದು ಬಣ್ಣ ಬರುವುದು ನಿಲ್ಲುವವರೆಗೆ ಬಿಡಲಿಲ್ಲ. ಹಿಡಿಕೆಯ ಸುತ್ತ ಮೂರು ಸಲ ಬೇಕಾಯಿತು. ಸೋಡಾ ಉಳಿದರೂ ಬಣ್ಣಕ್ಕೆ ಕೇಡು, ಆದ್ದರಿಂದ ಬರಿಯ ನೀರಿನಿಂದ ಎರಡು ಸಲ ಒರೆಸಿ ಪೂರ್ತಿ ಒಣಗಿಸಿದೆ. ನಂತರ 180ರ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಸ್ಯಾಂಡ್‌ಪೇಪರಿನಿಂದ ಹಗುರವಾಗಿ ತಿಕ್ಕಿದೆ. ಬಾಗಿಲಿನ ಮೇಲೆ ಅಂಟಿಸಿರುವ ನುಣುಪು ಹಾಳೆ, ಅಂದರೆ ಲ್ಯಾಮಿನೇಟ್, ಸವೆಯಬೇಕಿಲ್ಲ, ಅದರ ಹೊಳಪು ಮಂಕಾದರೆ ಸಾಕು. ನಮ್ಮದು ಲ್ಯಾಮಿನೇಟ್ ಆದ್ದರಿಂದ ಧೈರ್ಯವಾಗಿ ತಿಕ್ಕಿದೆ. ಹಳೆಯ ಬಣ್ಣ ಬಳಿದ ಮರವಾಗಿದ್ದರೆ ಆ ಬಣ್ಣದಲ್ಲಿ ಸೀಸ ಇರಬಹುದು; ಪರೀಕ್ಷಿಸದೆ ಒಣಗಿದ್ದಾಗ ತಿಕ್ಕಿ ಧೂಳೆಬ್ಬಿಸಬಾರದು, ಮಕ್ಕಳಿರುವ ಮನೆಯಲ್ಲಂತೂ ಖಂಡಿತ ಬೇಡ.

ಲ್ಯಾಮಿನೇಟಿಗೆ ಸಾಮಾನ್ಯ ಪ್ರೈಮರ್ ಅಂಟುವುದಿಲ್ಲ, ನುಣುಪಾದ ಮೇಲ್ಮೈಗೆಂದೇ ಮಾಡಿದ್ದನ್ನು ಕೇಳಿ ತಂದೆ. ಉಳಿದೆಲ್ಲ ಕಡೆ ಅಗ್ಗದ್ದನ್ನು ಹುಡುಕಿದವನು ಇಲ್ಲಿ ಮಾತ್ರ ಹಣ ಉಳಿಸಲಿಲ್ಲ. ಪ್ರೈಮರ್ ಒಣಗಿದ ಮಾರನೆಯ ದಿನ, ಒಂದು ಬಾಗಿಲಿನ ಹಿಂಬದಿಯಲ್ಲಿ ಬ್ಲೇಡಿನಿಂದ ಅಡ್ಡಡ್ಡ ಉದ್ದುದ್ದ ಗೀರು ಎಳೆದು, ಅದರ ಮೇಲೆ ಟೇಪ್ ಒತ್ತಿ ಸರಕ್ಕನೆ ಎಳೆದೆ. ಟೇಪಿಗೆ ಏನೂ ಬರಲಿಲ್ಲ. ಆ ಕ್ಷಣದ ನೆಮ್ಮದಿ ಇಡೀ ಕೆಲಸದಲ್ಲಿ ಇನ್ನೆಲ್ಲೂ ಸಿಗಲಿಲ್ಲ. ಆಮೇಲೆ ಸ್ಪಂಜಿನ ರೋಲರಿನಿಂದ ಎನಾಮೆಲ್ ಬಣ್ಣವನ್ನು ಎರಡು ತೆಳು ಪದರ ಹಾಕಿದೆ, ನಡುವೆ 220ರ ಕಾಗದ ಮುಟ್ಟಿಸಿದೆ. ಬಣ್ಣ ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ. ಕೆಲವೇ ಗಂಟೆಗಳಲ್ಲಿ ಕೈಗೆ ಅಂಟದಂತಾದರೂ ಪೂರ್ಣ ಗಟ್ಟಿತನಕ್ಕೆ ವಾರಗಳು ಬೇಕು. ಒಂದು ವಾರದ ಮೇಲೆ ಬಾಗಿಲು ತೂಗುಹಾಕಿದೆ, ಒಂದು ತಿಂಗಳು ಒದ್ದೆ ಬಟ್ಟೆ ಮುಟ್ಟಿಸಲಿಲ್ಲ.

ಸೊಟ್ಟಗಾಗಿವೆ ಎಂದುಕೊಂಡಿದ್ದ ಬಾಗಿಲುಗಳು ಸೊಟ್ಟಗಿರಲೇ ಇಲ್ಲ. ಒಳಗೆ ಅಡಗಿರುವ ಕೀಲುಗಳಲ್ಲಿ ಬಾಗಿಲನ್ನು ಅಕ್ಕಪಕ್ಕ, ಮೇಲೆ ಕೆಳಗೆ, ಒಳಗೆ ಹೊರಗೆ ಸರಿಸುವ ಸ್ಕ್ರೂಗಳಿರುತ್ತವೆ. ಅವನ್ನು ತಿರುಗಿಸಿದಾಗ ಸಂದುಗಳು ನೇರವಾದವು. ಸ್ಕ್ರೂ ಹಿಡಿಯದ ತೂತುಗಳಿಗೆ ಮರದ ಅಂಟಿನಲ್ಲಿ ಅದ್ದಿದ ಕಡ್ಡಿಗಳನ್ನು ತುರುಕಿ, ಒಣಗಿದ ಮೇಲೆ ಮತ್ತೆ ಬಿಗಿದೆ. ಹಿಡಿಕೆ ತರುವಾಗ ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿನವರೆಗೆ ಅಳೆಯಬೇಕು. ನಮ್ಮದು 96 ಮಿಲಿಮೀಟರ್ ಇತ್ತು, ಅದೇ ಅಳತೆಯದನ್ನು ತಂದದ್ದರಿಂದ ಹೊಸ ತೂತು ಕೊರೆಯಬೇಕಾಗಲಿಲ್ಲ.

ಟೈಲ್ಸ್ ನಡುವಿನ ಗೆರೆಗಳನ್ನು ತುಂಬುವ ಗ್ರೌಟಿಗೆ ಆಮ್ಲ ಹಾಕುವ ಸಲಹೆ ಬಂತು, ನಾನು ಒಪ್ಪಲಿಲ್ಲ. ಸಿಮೆಂಟಿನ ಗ್ರೌಟನ್ನು ಆಮ್ಲ ತಿಂದುಹಾಕುತ್ತದೆ. ಆಕ್ಸಿಜನ್ ಬ್ಲೀಚ್ (ಕ್ಲೋರಿನ್ ಇಲ್ಲದ ಬ್ಲೀಚ್) ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಹಚ್ಚಿ, ಗಟ್ಟಿ ಬ್ರಶ್ಶಿನಿಂದ ಉಜ್ಜಿದೆ. ಮುಕ್ಕಾಲುಪಾಲು ಗೆರೆಗಳು ಬೆಳ್ಳಗಾದವು.

ಇನ್ನು ಬೆಳಕು. ಹೆಚ್ಚುವ ಕೆಲಸ ಮಾಡುವಾಗ ಅಮ್ಮ ಯಾವಾಗಲೂ ಓರೆಯಾಗಿ ನಿಲ್ಲುತ್ತಿದ್ದರು. ಅದು ಅವರ ಅಭ್ಯಾಸವೆಂದೇ ನಾನು ಭಾವಿಸಿದ್ದೆ. ಚಾವಣಿಯ ದೀಪ ಬೆನ್ನ ಹಿಂದೆ ಇದ್ದುದರಿಂದ ಅವರ ನೆರಳು ಅವರ ಕೈಮೇಲೆಯೇ ಬೀಳುತ್ತಿತ್ತು ಎಂಬುದು ಅಲ್ಲಿ ನಾನೇ ನಿಂತು ಕೆಲಸ ಮಾಡಿದಾಗ ತಿಳಿಯಿತು. ಮೇಲಿನ ಕಪಾಟುಗಳ ಅಡಿಯಲ್ಲಿ, ಮುಂದಿನ ಅಂಚಿಗೆ ಹತ್ತಿರವಾಗಿ, 3 ಮೀಟರ್ ಎಲ್‌ಇಡಿ ಪಟ್ಟಿ ಅಂಟಿಸಿದೆ. 12 ವೋಲ್ಟಿನದು, ಮೀಟರಿಗೆ 9.6 ವ್ಯಾಟ್, ಒಟ್ಟು 28.8. ಅಡಾಪ್ಟರ್ ಬಿಸಿಯಾಗದಿರಲೆಂದು 36 ವ್ಯಾಟಿನದನ್ನು ಆರಿಸಿದೆ. ಇದ್ದ ಸಾಕೆಟ್ಟಿಗೇ ಸಿಕ್ಕಿಸಿದೆ. ಗೋಡೆಯೊಳಗಿನ ವೈರಿಂಗ್ ಮತ್ತು ಗ್ಯಾಸ್ ಕೊಳವೆಯನ್ನು ನಾನು ಮುಟ್ಟಲಿಲ್ಲ, ಮುಟ್ಟುವುದೂ ಇಲ್ಲ.

ಬೆಳಕಿನ ಕೆಲಸವನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಈಗಲೂ ಬೇಸರವಿದೆ. ಮೊದಲೇ ಹಾಕಿದ್ದರೆ ಆ ಜಿಡ್ಡೂ ಕಣ್ಣಿಗೆ ಬೀಳುತ್ತಿತ್ತೇನೋ. ಪಟ್ಟಿ ಹೊತ್ತಿಸಿದ ಸಂಜೆ ಅಮ್ಮ ಏನೂ ಹೇಳಲಿಲ್ಲ. ಹಲಗೆಯನ್ನು ಎಳೆದುಕೊಂಡು, ಕಟ್ಟೆಗೆ ನೇರವಾಗಿ ನಿಂತು ಹೆಚ್ಚತೊಡಗಿದರು.